ಎದ್ದು ನಿಂತ ನೆರಳು

ನಮ್ಮ ಬನಹಟ್ಟಿಯಲ್ಲಿ ಹೊಸ ಅಂಚಿನ ಸೀರೆ ಮಗ್ಗದಿಂದ ಇಳಿದರೆ ಮೊದಲು ಅಂಚನ್ನು ಒಳಗೆ ಮಾಡಿ ಮಡಚುತ್ತಾರೆ. ಪಕ್ಕದ ಮನೆಯವರ ಕಣ್ಣಿಗೆ ಬಿತ್ತೋ, ವಾರದೊಳಗೆ ಅದೇ ಅಂಚು ಅವರ ಮಗ್ಗದಲ್ಲೂ ಖಟಪಟ ಅನ್ನುತ್ತಿರುತ್ತದೆ. ನೇಕಾರರ ಮನೆಯಲ್ಲಿ ಹುಟ್ಟಿದ ನನಗೂ ಈ ಗುಣ ಅಂಟಿಕೊಂಡಿದೆ. ಜಮಖಂಡಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತ ಎರಡು ವರ್ಷ ಕೂತು ಮಕ್ಕಳಿಗಾಗಿ ಜಾದೂಗಾರನೊಬ್ಬನ ಕಾಮಿಕ್ಸ್ ಪುಸ್ತಕ ಬರೆದೆ. ಒಂದು ಹಾಳೆಯನ್ನೂ ಯಾರಿಗೂ ತೋರಿಸಲಿಲ್ಲ, ಅವ್ವನಿಗೂ. ನನ್ನ ಜಾದೂಗಾರ ಚಿಟಿಕೆ ಹೊಡೆದರೆ ಅವನ ನೆರಳು ನೆಲದಿಂದ ಎದ್ದುಹೋಗಿ ಕಳ್ಳನ ಕೈ ಹಿಡಿಯುತ್ತಿತ್ತು. ಇಂಥದ್ದು ಜಗತ್ತಿನಲ್ಲಿ ಯಾರಿಗೂ ಹೊಳೆದಿಲ್ಲ ಎಂಬ ಜಂಬ ನನಗೆ. ಮುಗಿದ ಮೇಲೆ ಕಳಿಸಿದ್ದನ್ನು ಧಾರವಾಡದ ಸಂಪಾದಕರೊಬ್ಬರು ಓದಿ, ಪ್ರಕಟಿಸಲು ಒಪ್ಪಿದರು.

ಅಚ್ಚಿಗೆ ಹೋಗಲು ನಾಲ್ಕು ದಿನವಿತ್ತು. ಶಾಲೆ ಬಿಟ್ಟು ಮನೆಗೆ ಬರುವ ಬಸ್ಸಿನಲ್ಲಿ ಫೋನು ಹಿಡಿದು, ವಿದೇಶದ ಬಹಳ ಹಳೆಯ ಕಾಮಿಕ್ಸ್ ಪುಟಗಳನ್ನು ನೋಡುತ್ತಿದ್ದೆ. ಅಲ್ಲಿನ ಜಾದೂಗಾರ ನಾಯಕರಿಗೆಲ್ಲ ಅದೇ ಎತ್ತರದ ಟೊಪ್ಪಿಗೆ, ಅದೇ ಚೂಪು ಮೀಸೆ. ಒಬ್ಬ ಕೈ ಬೀಸಿದರೆ ಬಂದೂಕು ಹಾವಾಗುತ್ತದೆ. ಇನ್ನೊಂದು ಪುಸ್ತಕದಲ್ಲಿ ಇನ್ನೊಬ್ಬ ಕೈ ಬೀಸಿದರೂ ಬಂದೂಕು ಹಾವೇ ಆಗುತ್ತದೆ. ಹಲ್ಲಿಯಾದರೂ ಆಗಬಾರದೇ ಎಂದು ಒಬ್ಬಳೇ ನಗುತ್ತಿದ್ದೆ. ಐದನೆಯವನು ಚಿಟಿಕೆ ಹೊಡೆದ. ಅವನ ನೆರಳು ನೆಲದಿಂದ ಎದ್ದಿತು.

ಮುಂದೆ ಹುಡುಕಿದರೆ ಇನ್ನೂ ಇಬ್ಬರ ನೆರಳುಗಳು ಎದ್ದು ಓಡಾಡುತ್ತಿದ್ದವು. ಬನಹಟ್ಟಿ ದಾಟಿದ್ದೇ ತಿಳಿಯದೆ ತೇರದಾಳದಲ್ಲಿ ಇಳಿದೆ. ನಕಲು ಮಾಡಬೇಡಿ ಎಂದು ಮಕ್ಕಳನ್ನು ಗದರುವ ಟೀಚರು ನಾನು. ಯಾರೂ ಏನೂ ಅಂದಿರಲಿಲ್ಲ, ಆದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಇನ್ನೊಂದು ಬಸ್ಸು ಹತ್ತಿ ವಾಪಸು ಬಂದೆ.

ಮನೆಗೆ ಬಂದು ಮೊದಲ ಸಲ ಹಾಳೆಗಳನ್ನು ಅವ್ವನ ಮುಂದೆ ಹರಡಿ, ನಡೆದದ್ದನ್ನು ಹೇಳಿದೆ.

"ಇಷ್ಟ ದಿನ ಯಾಕ ತೋರಸಲಿಲ್ಲ?" ಎಂದಳು.

"ನೀ ಅಂಚು ಒಳಗ ಹಾಕಿ ಮಡಚತೀಯಲ್ಲ, ಹಂಗ."

"ನಾ ಪ್ಯಾಟ್ಯಾಗ ಏನೇನು ಬಂದೈತಿ ಎಲ್ಲಾ ನೋಡಿದ ಮ್ಯಾಲ ಮಡಚತೀನಿ. ನೀ ಏನೂ ನೋಡದನ ಮಡಚಿಟ್ಟಿ."

ಸಿಟ್ಟು ಬಂತು. ಅವಳ ಮೇಲಲ್ಲ. ಮರುದಿನ ಬೆಳಿಗ್ಗೆ ಸಂಪಾದಕರಿಗೆ ಫೋನು ಮಾಡಿದೆ. ನಾನು ಕದ್ದಿಲ್ಲ, ಬೇಕಾದರೆ ಪುಸ್ತಕ ನಿಲ್ಲಿಸಿ ಎನ್ನುವ ಮಾತನ್ನು ಹತ್ತು ಸಲ ಬಾಯಿಪಾಠ ಮಾಡಿಕೊಂಡಿದ್ದೆ.

"ಸರ್, ಆ ನೆರಳಿನ ಆಟ ಹಳೇ ಕಾಮಿಕ್ಸಿನಾಗ ಐತ್ರಿ," ಎಂದಷ್ಟೇ ಬಾಯಿಂದ ಹೊರಟಿತು.

ಅವರು ನಕ್ಕರು. "ಗೊತ್ತೈತ್ರಿ. ಸಣ್ಣವರಿದ್ದಾಗ ಅಂಥಾ ನೆರಳು ಭಾಳ ನೋಡೇವಿ. ನಿಮ್ಮ ಮೊದಲನೇ ಪುಟ ನೋಡಿದ ಕೂಡಲೇ ಅವೆಲ್ಲಾ ನೆನಪಾದವು, ಅದಕ್ಕ ತಗೊಂಡೆ. ನೀವೂ ಅವನ್ನ ನೋಡೇ ಬರದೀರಲ್ಲ?"

ಪುಸ್ತಕ ಉಳಿಯಿತು ಎಂದು ಜೀವ ಹಗುರಾಗಬೇಕಿತ್ತು. ಆದರೆ ಎರಡು ವರ್ಷ ಆ ನೆರಳಿನ ಆಟವನ್ನು ನನ್ನದೇ ಎಂದು ನಂಬಿಕೊಂಡು ಬಚ್ಚಿಟ್ಟಿದ್ದೆ ಎಂದು ಇವರಿಗೆ ಹೇಗೆ ಹೇಳುವುದು? ಹೆಡ್ಡಿ ಅನ್ನಿಸಿಕೊಳ್ಳುವುದಕ್ಕಿಂತ ಕಳ್ಳಿ ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತು.

"ಹೌದ್ರಿ ಸರ್," ಎಂದೆ, "ನೋಡೇ ಬರದೇನ್ರಿ."