ಮೈಕು ರಿಪೇರಿಯ ಕೂಲಿ

ಜುಲೈ ಹನ್ನೆರಡು, ಹುಬ್ಬಳ್ಳಿಯಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರೆಲ್ಲ ಸೇರಿ ನಾಳಿನ ಶಿಕ್ಷಣ ಹೇಗಿರಬೇಕೆಂದು ಮಾತಾಡುತ್ತಿದ್ದರು. ವರದಿ ಬರೆಯಲು ಕೂತ ನನಗೆ ಮಾತು ಯಾವುದು, ಮಳೆ ಯಾವುದು ತಿಳಿಯದಂತಾಗಿತ್ತು. ಅಷ್ಟರಲ್ಲಿ ಮೈಕು ಕೆಟ್ಟಿತು. ದುರ್ಗದಬೈಲು ಪೇಟೆಯಿಂದ ರಿಪೇರಿ ಅಂಗಡಿಯ ಕಾಸೀಮ ಕಾಕಾ ಬಂದು ಸರಿಮಾಡಿದರು.

"ಎಷ್ಟು ಕೊಡೂಣ್ರಿ ಕಾಕಾ?" ಎಂದರು ಆ ಶಾಲೆಯ ಮುಖ್ಯೋಪಾಧ್ಯಾಯಿನಿ.

"ರೊಕ್ಕ ಬ್ಯಾಡ್ರಿ ಬಾಯಾರ. ನಮ್ಮ ಮೊಮ್ಮಗಳು ನಿಮ್ಮ ಸಾಲ್ಯಾಗ ಎಂಟನೇ ಕ್ಲಾಸ್ ಅದಾಳ್ರಿ. ಇನ್ನೂ ಕಂಪ್ಯೂಟರ್ ಮುಟ್ಟಿಲ್ರಿ."

"ಕೆಟ್ಟೀತಂತ ಕೋಣಿಗೆ ಕೀಲಿ ಹಾಕಿಟ್ಟೇವ್ರಿ. ದಸರಾ ಪೂಜಿಗೆ ತಗೀತೇವಲ್ಲ?"

"ಕೆಡ್ಲಿ ಬಿಡ್ರಿ, ರಿಪೇರಿಗೆ ನಾ ಅದೀನಲ್ಲ!"

ಮೈಕು ಚಾಲೂ ಇದ್ದದ್ದರಿಂದ ಇದಿಷ್ಟೂ ಸಭೆಗೆಲ್ಲ ಕೇಳಿಸಿತು. ನನ್ನ ವರದಿಯಲ್ಲಿ ಅಂದಿನ ಠರಾವು ಒಂದೇ: ಕಾಕಾ ಅವರ ಕೂಲಿಯಾಗಿ ಕಂಪ್ಯೂಟರ್ ಕೋಣೆಯ ಕೀಲಿಕೈ ಮೊಮ್ಮಗಳಿಗೆ ಸಂದಿತು.