ಕಾಕಾರ ಫೋನಿನಲ್ಲಿ ಕಾಣದ ಬಟನ್

ಅವರ ಎಡಗಾಲಿನ ಮೇಲೆ ಮೂರು ಹಚ್ಚೆಯ ಗೆರೆಗಳಿದ್ದವು. ಹೂವಲ್ಲ, ಹೆಸರಲ್ಲ, ದೇವರಲ್ಲ. ಪಟ್ಟಿ ಇಟ್ಟು ಎಳೆದಂಥ ಮೂರು ಹಸಿರು ಅಡ್ಡಗೆರೆ. ಪಾದದ ಗಿಣ್ಣಿನ ಮೇಲೊಂದು, ಮೊಣಕಾಲಿನ ಕೆಳಗೊಂದು, ನಡುವೆ ಒಂದು. ಉಪಕಾಲುವೆಯ ಗೋಡೆಗೆ ಬಣ್ಣದಲ್ಲಿ ಬರೆದ ಅಳತೆ ವರ್ಷ ವರ್ಷವೂ ಹೂಳು ತಿಕ್ಕಿ ಅಳಿಸಿಹೋಗುತ್ತಿತ್ತಂತೆ. ಅದಕ್ಕೆ ತಿಂಥಣಿ ಜಾತ್ರೆಗೆ ಹೋದಾಗ ಹಚ್ಚೆ ಹಾಕುವವಳ ಮುಂದೆ ಕಾಲು ಚಾಚಿ ಕೂತು, ಇಲ್ಲೊಂದು, ಇಲ್ಲೊಂದು ಎಂದು ಬೆರಳಿಟ್ಟು ತೋರಿಸಿ ಹಾಕಿಸಿಕೊಂಡು ಬಂದಿದ್ದರು. ಧೋತರ ಎತ್ತಿ ಕಾಲುವೆಗೆ ಇಳಿದರೆ ಮುಗಿಯಿತು, ನೀರೆಷ್ಟಿದೆ ಎಂದು ಕಾಲೇ ಹೇಳುತ್ತಿತ್ತು. ಜೀಪಿನಲ್ಲಿ ಬಂದ ಸಾಹೇಬರು ಕೂಡ ಗೋಡೆ ಬಿಟ್ಟು ಅವರ ಕಾಲು ನೋಡಿ ಅಳತೆ ಬರೆದುಕೊಳ್ಳುತ್ತಿದ್ದರು.

ಎಲ್ಲರಿಗೂ ಅವರು ಗ್ಯಾಂಗ್‌ಮನ್ ಕಾಕಾ. ಗ್ಯಾಂಗ್‌ಮನ್ ಎಂದರೆ ಕಾಲುವೆ ಕಾಯುವವರು. ತೂಬು ಎತ್ತುವುದು, ಇಳಿಸುವುದು, ಕಸ ತೆಗೆಯುವುದು, ಒಬ್ಬರ ಪಾಳಿಯ ನೀರನ್ನು ಇನ್ನೊಬ್ಬರು ತಿರುಗಿಸಿಕೊಳ್ಳದಂತೆ ನೋಡುವುದು. ಇವರದು ಶಹಾಪುರದ ಕಡೆಯಿಂದ ವಡಗೇರಾ ಕಡೆಗೆ ಹರಿಯುವ ಒಂದು ಉಪಕಾಲುವೆ; ಅದು ಮುಗಿಯುವ ಊರಲ್ಲೇ ಮನೆ. ಉಳಿದ ಗ್ಯಾಂಗ್‌ಮನ್‌ಗಳು ಬೈಕಿನಲ್ಲಿ ಮೊದಲು ದೊಡ್ಡ ತೂಬಿಗೆ ಹೋಗಿ ಅಲ್ಲಿಂದ ಕೆಳಗೆ ಬರುತ್ತಿದ್ದರು. ಕಾಕಾ ಮಾತ್ರ ಕಡೆಯ ಹೊಲದಲ್ಲಿ ಕಾಲಿಟ್ಟು ನೋಡಿ, ಆಮೇಲೆ ನೀರಿಗೆ ಎದುರಾಗಿ ಮೇಲಕ್ಕೆ ನಡೆಯುತ್ತಿದ್ದರು. ಯಾಕೆ ಹೀಗೆ ಉಲ್ಟಾ ಎಂದು ಕೇಳಿದವರಿಗೆ ಒಂದೇ ಉತ್ತರ: "ತೂಬಿನ ಬುಡಕ ನಿಂತವಗ ಎಲ್ಲಾ ಹೊಲಾನೂ ಹಸರೇ ಕಾಣ್ತಾವಪ್ಪ."

ನನ್ನದು ಅಂಜುಬುರುಕ ಜೀವ. ಬಾಗಿಲಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮರಳಿ ಮನೆಗೆ ಓಡುವವಳು. ಯಾದಗಿರಿಯಲ್ಲಿ ಬಿಸಿಎ ಮುಗಿಸಿ ಶಹಾಪುರದಲ್ಲಿ ಮಹಡಿಯ ಮೇಲಿನ ಒಂದು ಕಂಪ್ಯೂಟರ್ ಅಂಗಡಿ ಸೇರಿದ್ದೆ. ಆ ಉಪಕಾಲುವೆಯ ರೈತರ ಸಂಘದವರು ದಿನದಿನದ ನೀರಿನ ವರದಿಗೆ ಒಂದು ಮೊಬೈಲ್ ಆ್ಯಪ್ ಬೇಕೆಂದು ನಮ್ಮ ಮಾಲೀಕರಿಗೆ ಹೇಳಿದರು. ಮಾಲೀಕರು ನನಗೆ ಹೇಳಿದರು. ನಾನು ಮಾಡಿದ ಮೊದಲ ಆ್ಯಪ್ ಅದು. ಇದ್ದದ್ದು ಒಂದೇ ಪರದೆ. ಮೇಲೆ ಸಂಘದ ಹೆಸರು. ಅದರ ಕೆಳಗೆ ಅಧ್ಯಕ್ಷರು ಕಾಲುವೆಗೆ ಬಾಗಿನ ಬಿಡುತ್ತಿರುವ ದೊಡ್ಡ ಫೋಟೊ. ಅದು ಬೇಕೇ ಬೇಕೆಂದು ಅವರ ಹಟ. ಆಮೇಲೆ ಕಾಲುವೆಯ ನಂಬರು, ತಾರೀಖು, ಪಾಳಿ. ಕೊನೆಗೆ ಎರಡು ಬಟನ್. ಹಸಿರು ಒತ್ತಿದರೆ ಕಡೆಯ ಹೊಲಕ್ಕೆ ನೀರು ಮುಟ್ಟಿದೆ ಎಂದರ್ಥ. ಅದರ ಕೆಳಗಿನ ಕೆಂಪು ಒತ್ತಿದರೆ ಮುಟ್ಟಿಲ್ಲ ಎಂದು; ಆಗ ನೀರಾವರಿ ಆಫೀಸಿನವರು ಮೇಲಿನ ತೂಬುಗಳನ್ನು ತಗ್ಗಿಸಿ ನೀರನ್ನು ಕೆಳಕ್ಕೆ ಕಳಿಸಬೇಕು. ಎಲ್ಲವನ್ನೂ ಮೇಲಿನಿಂದ ಒಂದರ ಕೆಳಗೊಂದು ಪೇರಿಸುತ್ತ ಬಂದಿದ್ದೆ. ನನ್ನ ಫೋನಿನಲ್ಲಿ ಅಳೆದು ಹೊಲಿದ ಹಾಗೆ ಕೂತಿತ್ತು. ಇಷ್ಟು ಚಿಕ್ಕದಕ್ಕೆ ಬೆರಳಿನಿಂದ ಮೇಲೆ ಕೆಳಗೆ ಸರಿಸುವ ಅನುಕೂಲ ಯಾಕೆಂದು ಅದನ್ನು ಇಡಲೇ ಇಲ್ಲ. ಲೋಕದ ಎಲ್ಲದಕ್ಕೂ ಅಂಜುವ ನಾನು ಇದೊಂದಕ್ಕೆ ಅಂಜಲಿಲ್ಲ.

ಗ್ಯಾಂಗ್‌ಮನ್‌ಗಳಿಗೆ ಆ್ಯಪ್ ಕಲಿಸುವ ದಿನ ಕಾಕಾ ತಡವಾಗಿ ಬಂದರು. ಅಷ್ಟರಲ್ಲಿ ಹಸಿರು ಕೆಂಪಿನ ಪಾಠ ಮುಗಿದು, ಜನ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ, ಅಂಕಿ ಬರುತ್ತಿದ್ದವು. ಆ ಅಂಕಿ ದೊಡ್ಡದಾಗಿ ಕಾಣಲಿ ಎಂದು ಮಗಳು ಅವರ ಚಿಕ್ಕ ಫೋನಿನ ಅಕ್ಷರಗಳನ್ನು ಎಲ್ಲಕ್ಕಿಂತ ದೊಡ್ಡ ಗಾತ್ರಕ್ಕೆ ಇಟ್ಟುಕೊಟ್ಟಿದ್ದಳು. ಫೋನು ಮುಂದೆ ಹಿಡಿದು ಕೇಳಿದರು, "ಯವ್ವಾ, ಬಟನ್ ಒಂದೇ ಅದಲ್ಲ?"

ನಾನು ವೈರು ಸುತ್ತುತ್ತಿದ್ದೆ. ತಲೆ ಎತ್ತದೆ ಅಂದೆ, "ಕಂಡದ್ದು ಒತ್ರಿ ಕಾಕಾ. ಒತ್ತಿದ್ರ ಆಫೀಸಿಗೆ ಎಲ್ಲಾ ಕಾಣ್ತದ."

ಈ ಎರಡು ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಆಡಿಕೊಂಡಿದ್ದೇನೋ ಲೆಕ್ಕವಿಲ್ಲ. ಕತ್ತು ಅರ್ಧ ತಿರುಗಿಸಿದ್ದರೆ ಸಾಕಾಗುತ್ತಿತ್ತು.

ಹಿಂಗಾರಿನ ಪಾಳಿ ಬಂತು. ಕಡೆಯ ಊರಿನಲ್ಲಿ ಶೇಂಗಾ ಹೂವಿಗೆ ಬಂದಿತ್ತು. ಎಂಟು ದಿನ ನೀರು, ಆಮೇಲೆ ಮುಖ್ಯ ತೂಬು ಬಂದ್. ಮೊದಲ ನಾಲ್ಕು ದಿನವೂ ನನ್ನ ಕಂಪ್ಯೂಟರಿನಲ್ಲಿ ಆ ಕಾಲುವೆಯ ಸಾಲು ಹಸಿರಾಗಿತ್ತು. ನಾನು ಅದನ್ನು ಮಾಲೀಕರಿಗೆ ತೋರಿಸಿ ಹಿಗ್ಗಿದೆ. ಐದನೆಯ ದಿನ ಕಡೆಯ ಊರಿನ ಜನ ಒಣಗಿದ ಶೇಂಗಾ ಗಿಡ ಕಿತ್ತುಕೊಂಡು ಆಫೀಸಿಗೆ ಬಂದರು. ನಾಲ್ಕು ದಿನದಿಂದ ಒಂದು ತಂಬಿಗೆ ನೀರೂ ಬಂದಿಲ್ಲ ಅಂದರು. ಸಾಹೇಬರು ಪರದೆ ತಿರುಗಿಸಿ ತೋರಿಸಿದರು: ನಿಮ್ಮೂರ ಗ್ಯಾಂಗ್‌ಮನ್ನೇ ಮುಟ್ಟಿದೆ ಎಂದು ದಿನಾ ಕಳಿಸಿದ್ದಾನೆ, ಅದೂ ಎರಡು ದಿನದಿಂದ ಎರಡೆರಡು ಸಲ. ಗುಂಪಿನಲ್ಲಿದ್ದ ಒಬ್ಬ ಮುದುಕಿ ಕೈಯಲ್ಲಿನ ಗಿಡ ಕೆಳಗೆ ಒಗೆದಳಂತೆ. "ಹಂಗಾದ್ರ ನಮ್ಮ ಪಾಲಿನ ನೀರು ಮ್ಯಾಲಿನವ್ರಿಗಿ ಮಾರ್ಕೊಂಡಾನ."

ಸಂಜೆ ಮಾಲೀಕರು ಬಂದು ಇದನ್ನೆಲ್ಲ ಹೇಳಿದರು. ಕಾಕಾರನ್ನು ಕೆಲಸದಿಂದ ತೆಗೆಯುತ್ತಾರಂತೆ ಎಂದೂ ಹೇಳಿ ಕೇಳಿದರು, "ನಮ್ಮ ಆ್ಯಪ್ ಬರೋಬ್ಬರಿ ಅದ ಇಲ್ಲೋ?"

"ನನ್ನ ಫೋನಿನಾಗ ಬರೋಬ್ಬರಿ ಅದರಿ" ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಮಾತು ಬಾಯಿಂದ ಬಿದ್ದ ಗಳಿಗೆಯೇ ಕಾಕಾ ಕೇಳಿದ್ದು ನೆನಪಾಯಿತು. ಬಟನ್ ಒಂದೇ ಅದಲ್ಲ? ಊಟ ಸೇರಲಿಲ್ಲ. ಅವ್ವ ಹಣೆ ಮುಟ್ಟಿ ನೋಡಿ, ಜ್ವರವೂ ಇಲ್ಲವಲ್ಲ ಅಂದಳು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಕಾಕಾ ಒಣ ಕಾಲುವೆಯೊಳಗೆ ನಿಂತಿದ್ದರು. ಫೋನು ಇಸಿದುಕೊಂಡು ನೋಡಿದೆ. ಹೆಸರು ಹಿಗ್ಗಿ ಮೂರು ಸಾಲಾಗಿತ್ತು. ಅಧ್ಯಕ್ಷರು ಹಾಗೇ ದೊಡ್ಡದಾಗಿ ಕೂತಿದ್ದರು. ನಂಬರು, ತಾರೀಖು ಕುಂಬಳಕಾಯಿಯಷ್ಟಾಗಿದ್ದವು. ತಳಕ್ಕೆ ಅಂಟಿಕೊಂಡು ಹಸಿರು ಬಟನ್ ಒಂದೇ. ಕೆಂಪು ಬಟನ್ ಪರದೆಯಿಂದ ಕೆಳಗೆ, ಯಾರ ಬೆರಳಿಗೂ ಸಿಗದ ಕಡೆ ಹೋಗಿಬಿಟ್ಟಿತ್ತು. ಒತ್ತಿದರೆ ಆಫೀಸಿಗೆ ಎಲ್ಲ ಕಾಣುತ್ತದೆ ಎಂದು ನಾನು ಹೇಳಿದ್ದನ್ನು ನಂಬಿ ಅವರು ದಿನಾ ಒತ್ತಿದ್ದರು. ಮೂರನೆಯ ದಿನ ಆಫೀಸಿಗೆ ಫೋನು ಮಾಡಿದರೆ, ಆ್ಯಪಿನಲ್ಲೇ ಹಾಕಿ ಅಂದರಂತೆ. ನೀರು ಲಗೂ ಬರಲಿ ಎಂದು ಅಂದಿನಿಂದ ಎರಡೆರಡು ಸಲ ಒತ್ತಿದ್ದರು.

"ಕಾಕಾ, ತಪ್ಪು ನಂದು" ಅಂದೆ. ಅಳು ಬಂತು.

ಅವರು ಬೈಯಲಿಲ್ಲ. ನನ್ನ ಫೋನು ಕೇಳಿದರು. ಎರಡನ್ನೂ ಅಂಗೈ ಮೇಲೆ ಜೋಡಿಸಿ ಹಿಡಿದು, ಒಮ್ಮೆ ಇದನ್ನು, ಒಮ್ಮೆ ಅದನ್ನು, ಬಹಳ ಹೊತ್ತು ನೋಡಿದರು.

"ನೀನೂ ತೂಬಿನ ಕಡಿಂದ ಹಂಚ್ಕೋತ ಬಂದಿ ನೋಡು. ಮ್ಯಾಲಿನವ್ರು ಹಿಗ್ಗಿದ್ರು, ಕಡಿಯಾಂವ ಹೊರಗ ಬಿದ್ದ. ಕಡೀ ಹೊಲದ ಪಾಲು ಮೊದ್ಲ ತಗದಿಡಬೇಕವ್ವ. ಉಳದದ್ರಾಗ ಮ್ಯಾಲಿನವ್ರು ಹೊಂದ್ಕೊಂಡು ಹೋಗ್ತಾರ."

ಕಾಲೇಜಿನಲ್ಲಿ ಮೂರು ವರ್ಷ ಯಾರೂ ನನಗೆ ಇಷ್ಟು ನೆಟ್ಟಗೆ ಹೇಳಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಕಲಿಯುವ ಮನಸ್ಸು ಎಲ್ಲಿತ್ತು? ನೀರು ನಿಲ್ಲಲು ಮೂರೇ ದಿನ ಉಳಿದಿತ್ತು. ಆಫೀಸಿಗೆ ಹೋಗಿ ನಿಜ ಹೇಳುತ್ತೇನೆ ಅಂದೆ. ಅವರು ತಲೆ ಅಲ್ಲಾಡಿಸಿದರು.

"ಸಾಹೇಬ್ರ ಮುಂದ ಹೇಳು, ನೀರು ಬರ್ಲಿ. ಮಂದಿ ಮುಂದ ಬ್ಯಾಡ. ನಿನ್ನ ನೌಕರಿ ಈಗಷ್ಟ ಹತ್ಯಾದ. ನನಗ ಬೈಸ್ಕೊಂಡು ರೂಢಿ ಅದ, ಫಿಕರ್ ಮಾಡಬ್ಯಾಡ."

ಕಾಕಾರ ಫೋನನ್ನೂ ಒಯ್ದು, ಸಾಹೇಬರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹೇಳಿದೆ. ಅವರು ಎರಡೂ ಫೋನು ನೋಡಿದರು, ಸಿಟ್ಟಾದರು. ಮೇಲಿನ ತೂಬು ತಗ್ಗಿಸಲು ಹೇಳಿದರು, ಪಾಳಿಯನ್ನು ಮತ್ತೆ ನಾಲ್ಕು ದಿನ ಮುಂದುವರಿಸಿದರು. ಕಾಕಾರ ಕೆಲಸ ಉಳಿಯಿತು. "ಇದು ಇಲ್ಲಿಗೇ ಇರ್ಲಿ, ಸಂಘದ ಹೆಸರು ಕೆಡ್ತದ" ಅಂದರು. ನಮ್ಮ ಮಾಲೀಕರೂ ಅದನ್ನೇ ಅಂದರು. ನನಗೆ ಎಷ್ಟು ಹಗುರವಾಯಿತೆಂದರೆ, ಬರುವಾಗ ಬಸ್ಸಿನಲ್ಲಿ ನಿದ್ದೆ ಹತ್ತಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಆ ವಾರವೇ ಪರದೆಯನ್ನು ತಳದಿಂದ ಮತ್ತೆ ಕಟ್ಟಿದೆ. ಮೊದಲು ಎರಡು ಬಟನ್‌ಗಳನ್ನೂ ಪರದೆಯ ಕೆಳ ಅಂಚಿಗೆ ಗಟ್ಟಿ ಮಾಡಿದೆ. ಅವುಗಳ ಮೇಲೆ ತಾರೀಖು, ನಂಬರು. ಏನಾದರೂ ಜಾಗ ಉಳಿದರೆ ಅಧ್ಯಕ್ಷರ ಫೋಟೊ ಅಷ್ಟರಲ್ಲಿ ಕುಗ್ಗಿ ಕೂರಬೇಕು, ಉಳಿಯದಿದ್ದರೆ ಇಲ್ಲ. ಅಧ್ಯಕ್ಷರು ಮುನಿಸಿಕೊಂಡರು. ಕಾಕಾ ಒಂದು ದಿನ ಟವೆಲಿನಲ್ಲಿ ಆರು ಫೋನು ಕಟ್ಟಿಕೊಂಡು ನಮ್ಮ ಮಹಡಿ ಹತ್ತಿದರು. ಉಳಿದ ಗ್ಯಾಂಗ್‌ಮನ್‌ಗಳ ಒಡಕು ಗಾಜಿನ, ಹಳೆಯ ಫೋನುಗಳು. ಮೇಜಿನ ಮೇಲೆ ಸಾಲಾಗಿ ಇಟ್ಟು, "ನಡಿ, ಕಡೀ ಹೊಲ ನೋಡೂಣು" ಅಂದರು. ಆಮೇಲೆ ಆ್ಯಪ್ ಬದಲಾದಾಗಲೆಲ್ಲ ಬಂದರು. ಫೋನು ಅಡ್ಡ ಹಿಡಿದರೆ ಏನಾಗುತ್ತದೆ ಎಂದು ಮೊದಲು ನೋಡಿದವರೂ ಅವರೇ. ಅಡ್ಡ ಹಿಡಿದಾಗ ಮತ್ತೆ ಕೆಂಪು ಮಾಯವಾಗಿ ನಾನು ಅಯ್ಯೋ ಎಂದು ಚೀರಿದ್ದೆ. ಅವರು ಬಿದ್ದು ಬಿದ್ದು ನಕ್ಕರು. ಇಂದಿಗೂ ಯಾವ ಕೆಲಸ ಹಿಡಿದರೂ ಎಲ್ಲಕ್ಕಿಂತ ಚಿಕ್ಕ ಫೋನು, ಎಲ್ಲಕ್ಕಿಂತ ದೊಡ್ಡ ಅಕ್ಷರ ಇಟ್ಟುಕೊಂಡೇ ಶುರು ಮಾಡುತ್ತೇನೆ. ನನ್ನ ಅನ್ನದ ವಿದ್ಯೆ ಅದು, ಅವರದು.

ಊರಿನವರು ಏನನ್ನುತ್ತಾರೆ ಎಂದು ನಾನು ಕಾಕಾರನ್ನು ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಹೇಳಬೇಕಾಗುತ್ತದಲ್ಲ. ಅವರೂ ತಾವಾಗಿ ಆ ಮಾತು ಎತ್ತಲಿಲ್ಲ.

ಆರು ವರ್ಷದ ಮೇಲೆ, ಕಾಲುವೆ ಬತ್ತಿದ್ದ ಬೇಸಿಗೆಯಲ್ಲಿ, ಕಾಕಾ ತೀರಿಕೊಂಡರು. ಸುರಪುರದ ಆಸ್ಪತ್ರೆಯಲ್ಲಿ ಎರಡು ದಿನ ಇದ್ದರಂತೆ. ನನಗೆ ಗೊತ್ತಾದಾಗ ದಿನಕರ್ಮವೂ ಮುಗಿದಿತ್ತು. ಅವರ ಮನೆಗೆ ಹೋದೆ. ಕಾಕಾರ ಹೆಂಡತಿ ಗೋಡೆಗೆ ಆತು ಕೂತಿದ್ದರು. ಪಕ್ಕದಲ್ಲಿದ್ದ ಮುದುಕಿ ನನ್ನನ್ನು ಆಫೀಸಿನ ಕಡೆಯವಳು ಎಂದುಕೊಂಡು ಸಮಾಧಾನದ ದನಿಯಲ್ಲಿ ಅಂದಳು, "ಮನಷ್ಯಾ ಛಲೋ ಇದ್ದನವ್ವ. ಒಮ್ಮಿ ಮಾತ್ರ ನಮ್ಮ ಶೇಂಗಾದ ನೀರು ಮಾರ್ಕೊಂಡಿದ್ದ. ಇರ್ಲಿ, ಸತ್ತವ್ರ ಮ್ಯಾಲ ಯಾಕ."

ಅಂದು ಆಫೀಸಿನಲ್ಲಿ ಗಿಡ ಒಗೆದವಳು ಇವಳೇ ಎಂದು ಆ ಮಾತಿನಿಂದ ತಿಳಿಯಿತು. ನಾನು ಎಲ್ಲವನ್ನೂ ಹೇಳಿದೆ. ಫೋನು ತೆಗೆದು ಅಕ್ಷರ ದೊಡ್ಡದು ಮಾಡಿ, ಅಳಿಸದೆ ಇಟ್ಟುಕೊಂಡಿದ್ದ ಹಳೆಯ ಆ್ಯಪ್ ತೆರೆದು, ಕೆಂಪು ಬಟನ್ ಹೇಗೆ ಕಾಣದೆ ಹೋಯಿತು ಎಂದು ತೋರಿಸಿದೆ. ಅವರು ಕೇಳದಿದ್ದರೂ, ಕಾಕಾ ನನ್ನನ್ನು ಕೇಳಿದ್ದ ಪ್ರಶ್ನೆಯನ್ನೂ ನಾನು ಕೊಟ್ಟ ಉತ್ತರವನ್ನೂ ಹೇಳಿದೆ.

ಮುದುಕಿ ಕಾಕಾರ ಹೆಂಡತಿಯ ಕಡೆ ತಿರುಗಿ ಅಂದಳು, "ಆರು ವರ್ಷ ಆತು, ಈ ಮನಿ ಹೊಸ್ತಲಾ ನಾ ತುಳದಿಲ್ಲ. ಅಂವ ಸತ್ತ ಮ್ಯಾಲ ಬಂದೀನಿ."

ಕಾಕಾರ ಹೆಂಡತಿ ನನ್ನ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದರು.

"ನೀ ಹೊರಗಿನಾಕಿ ಇದ್ದಿ" ಅಂದರು ಮುದುಕಿಗೆ. "ನಾ ಇದೇ ಮನ್ಯಾಗ ಇದ್ದಾಕಿ. ನಾನೂ ಹಂಗ ಅನ್ಕೊಂಡಿದ್ನೆವ್ವ."