ಒದ್ದೆ ರಗ್ಗು ಮತ್ತು ಎದುರು ಬಿಲ್ಡಿಂಗು

ಭಾನುವಾರ ಬೆಳಿಗ್ಗೆ ನೀರಿನ ಟ್ಯಾಂಕರ್ ಹಾರ್ನ್ ಮಾಡಿತೆಂದರೆ ನಮ್ಮ ಮನೆಯ ಹಾಸಿಗೆಗಳು ಬರಿದಾಗುತ್ತವೆ. ಮಲಗಿರುವ ಯಜಮಾನರ ಕೆಳಗಿನಿಂದ ಬೆಡ್‌ಶೀಟು ಎಳೆಯುವುದು ನನಗೆ ಅಭ್ಯಾಸವಾಗಿದೆ, ಕಣ್ಣು ಬಿಡದೆ ಒಂದು ಮಗ್ಗುಲು ಹೊರಳಿ ಸಹಕರಿಸುವುದು ಅವರಿಗೆ ಅಭ್ಯಾಸವಾಗಿದೆ. ಆ ಭಾನುವಾರವೂ ಉಪ್ಪಿಟ್ಟಿಗೆ ರವೆ ಹುರಿದಿಟ್ಟು, ನಾಲ್ಕು ಬೆಡ್‌ಶೀಟು, ಎರಡು ರಗ್ಗು ಒಗೆದು, ಹತ್ತು ಗಂಟೆಯ ಹೊತ್ತಿಗೆ ಬಕೆಟ್ ಹಿಡಿದು ತಾರಸಿಗೆ ಹೋದೆ. ಅಂಚಿಗೆ ಅಂಚು ಸೇರಿಸಿ, ಕ್ಲಿಪ್ಪುಗಳ ಬಣ್ಣವನ್ನೂ ಹೊಂದಿಸಿ ಬಟ್ಟೆ ಒಣಹಾಕುವವಳು ನಾನು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರಲ್ಲಿ ಬೀಜಗಣಿತ ಮರೆತುಹೋಗಿದೆ, ಈ ಓರಣ ಮಾತ್ರ ಬಿಟ್ಟುಹೋಗಿಲ್ಲ.

ನಾವಿರುವುದು ಪಟ್ಟಂದೂರು ಅಗ್ರಹಾರದಲ್ಲಿ, ಮುನಿರಾಜಣ್ಣನ ಮನೆಯ ಮೂರನೆಯ ಮಹಡಿಯಲ್ಲಿ. ರಸ್ತೆಯಾಚೆಯ ಬಿಲ್ಡಿಂಗೂ ಅವರದೇ. ಅದರ ತುಂಬ ಒಂದೊಂದೇ ಕೋಣೆಯ ಮನೆಗಳು. ಕಟ್ಟಡದ ಕೆಲಸಕ್ಕೂ ಗಾರ್ಮೆಂಟ್ಸಿಗೂ ಹೋಗುವ ಉತ್ತರ ಕರ್ನಾಟಕದ ಸಂಸಾರಗಳು. ಬಾಡಿಗೆಗೆ ಬರುವವರು ಈಗೀಗ ನೀರಿದೆಯಾ ಎನ್ನುವ ಮೊದಲು ನೆಟ್ ಇದೆಯಾ ಎನ್ನುತ್ತಾರಂತೆ. ಅದಕ್ಕೆ ಅಣ್ಣ ನಮ್ಮ ಬಿಲ್ಡಿಂಗಿನ ಲೈನನ್ನೇ ಆಚೆಗೂ ಎಳೆಸಿದರು. ಬೋರ್‌ವೆಲ್ ಲಾರಿ ಆ ಕೇಬಲನ್ನು ಮೂರು ಸಲ ಹರಿದುಕೊಂಡು ಹೋದ ಮೇಲೆ ಕೇಬಲಿನ ಸಹವಾಸವೇ ಬೇಡವೆಂದು, ಎರಡೂ ತಾರಸಿಗಳಲ್ಲಿ ಆಳೆತ್ತರದ ಕಂಬ ನಿಲ್ಲಿಸಿ, ಸಾಬೂನಿನ ಪೆಟ್ಟಿಗೆಯಂಥ ಎರಡು ಬಿಳಿ ಡಬ್ಬಿಗಳನ್ನು ಎದುರುಬದುರು ಕೂರಿಸಿದರು. "ವೈರೇ ಬ್ಯಾಡ ಮೇಡಂ. ಇವೆರಡೂ ಒಂದನ್ನೊಂದು ನೋಡ್ತಾ ಇದ್ರೆ ಸಾಕಂತೆ" ಎಂದರು.

ನನಗೆ ಅದರಲ್ಲಿ ಅಂಥ ಹೊಸತೇನೂ ಕಾಣಲಿಲ್ಲ. ತಾರಸಿಯಿಂದ ತಾರಸಿಗೆ ವೈರಿಲ್ಲದೆ ಸುದ್ದಿ ಹೋಗುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಒಬ್ಬರ ಮನೆಯ ಇಂಗಿನ ಒಗ್ಗರಣೆ ಪಾಸ್‌ವರ್ಡ್ ಕೇಳದೆ ನಾಲ್ಕು ಮನೆ ದಾಟುತ್ತದೆ. ಕುಕ್ಕರಿನ ಕೂಗು ಎಣಿಸಿ ಅವರ ಮನೆಯಲ್ಲಿ ಇಂದು ಕಾಳೋ ತರಕಾರಿಯೋ ಹೇಳುವವರಿದ್ದಾರೆ. ಹಾಗಾಗಿ ಡಬ್ಬಿಯ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕಂಬ ಮಾತ್ರ ಇಷ್ಟವಾಯಿತು. ಬಹಳ ದಿನದಿಂದ ಹಗ್ಗ ಕಟ್ಟಲು ಅಂಥದ್ದೊಂದನ್ನು ಹುಡುಕುತ್ತಿದ್ದೆ. ಅಂದೇ ಹಗ್ಗದ ಒಂದು ತುದಿಯನ್ನು ಅದಕ್ಕೆ ಬಿಗಿದೆ.

ಕೊನೆಯ ರಗ್ಗಿಗೆ ಕ್ಲಿಪ್ಪು ಹಾಕಿ ಹತ್ತು ನಿಮಿಷವೂ ಆಗಿರಲಿಲ್ಲ, ಎದುರು ಬಿಲ್ಡಿಂಗಿನ ಶಾಂತವ್ವ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಕೊಪ್ಪಳದ ಕಡೆಯವಳು. ಕೈಯಲ್ಲಿ ಮೊಬೈಲು.

"ಅಕ್ಕಾರ, ನಿಮ್ಮ ಮನ್ಯಾಗ ನೆಟ್ ಬರಾಕತ್ತೈತೇನ್ರಿ? ನಮ್ಮ ರೇಣುಕಾನ್ನ ನೋಡಾಕತ್ತಿದ್ರು."

ನೋಡುತ್ತಿದ್ದುದು ಫೋನಿನಲ್ಲಿ. ಗೋವಾದಲ್ಲಿ ಕೆಲಸದಲ್ಲಿರುವ ವರ, ಪಕ್ಕದಲ್ಲಿ ಅವನ ತಾಯಿ. ಇತ್ತ ಕೋಣೆಯಲ್ಲಿ ಚಾಪೆಯ ಮೇಲೆ ಶಾಂತವ್ವನ ಮಗಳು. ನಿನಗೆ ಒಪ್ಪಿಗೆಯೇ ಎಂದು ಹುಡುಗ ಕೇಳಿದ್ದಾನೆ, ರೇಣುಕಾ ಉತ್ತರಕ್ಕೆ ಬಾಯಿ ತೆರೆದಿದ್ದಾಳೆ, ಚಿತ್ರ ಅಲ್ಲಿಗೇ ನಿಂತುಬಿಟ್ಟಿದೆ.

ನಮ್ಮ ಮನೆಯಲ್ಲಿ ನೆಟ್ ಇತ್ತು. ಮತ್ತೆ ಅಲ್ಲಿಗೇಕೆ ಹೋಗಿಲ್ಲ ಎಂದು ಕಂಬದ ಕಡೆ ತಿರುಗಿದೆ. ಎದುರಿನ ಡಬ್ಬಿಯನ್ನು ನೋಡುತ್ತಿರಬೇಕಾದ ಈಚೆಯ ಡಬ್ಬಿ ಒಂದು ಗೇಣು ದೂರದಿಂದ ನಮ್ಮ ನೀರು ಸೋರುವ ರಗ್ಗನ್ನು ನೋಡುತ್ತಿತ್ತು. ಗೋವಾದ ವರನಿಗೂ ರೇಣುಕಾಳಿಗೂ ನಡುವೆ ನಾನು ಅಂಚಿಗೆ ಅಂಚು ಸೇರಿಸಿ ಅಂತರಪಟ ಕಟ್ಟಿದ್ದೆ. ಯಾರೂ ಅದನ್ನು ಸರಿಸುವವರಿಲ್ಲ ಅಷ್ಟೆ.

ಅಷ್ಟರಲ್ಲಿ ರೇಣುಕಾಳೂ ಮೇಲೆ ಬಂದಳು. ಗಿಳಿಹಸಿರು ಸೀರೆ, ಕೆನ್ನೆಗೆ ಹಚ್ಚಿದ ಪೌಡರು ಕಿವಿಯವರೆಗೆ ಹೋಗದೆ ನಿಂತಿತ್ತು. ನಾನು ಗಡಿಬಿಡಿಯಲ್ಲಿ ಕ್ಲಿಪ್ಪು ಕೀಳುತ್ತಿದ್ದರೆ ಅವಳು ಮೆಲ್ಲಗೆ, "ಇರಲಿ ಬಿಡ್ರಿ ಅಕ್ಕಾರ, ಒಣಗ್ಲಿ. ಇನ್ನೂ ನೀರು ಸೋರಾಕತ್ತಾವ" ಎಂದಳು. ಇಂಥ ಹೊತ್ತಿನಲ್ಲೂ ಎಂಥ ಸಂಸ್ಕಾರ ಎಂದುಕೊಂಡೆ.

ಶಾಂತವ್ವನ ಫೋನು ಹೊಡೆದುಕೊಂಡಿತು. ವರನ ತಾಯಿ. ಸ್ಪೀಕರ್ ಹಾಕದಿದ್ದರೂ ಮೂವರಿಗೂ ಕೇಳಿಸುವ ಗಂಟಲು.

"ಹುಡುಗಿ ಬೇವು ತಿಂದಾಕಿ ಹಂಗ ಮಾರಿ ಮಾಡ್ಕೊಂಡು ಕುಂತಾಳ. ಒಪ್ಪಿಗಿ ಇಲ್ಲಂದ್ರ ಇಲ್ಲ ಅನ್ರಿ. ಹಿಂಗ ಮಾನ ಕಳಿಯೋದು ಯಾಕ?"

ಶಾಂತವ್ವ ಅಳತೊಡಗಿದಳು. ಸೊಪ್ಪಿನವಳ ಜೊತೆ ಚೌಕಾಸಿಗೂ ನಾಲಿಗೆ ಏಳದ ನಾನು ಅವಳ ಕೈಯಿಂದ ಫೋನು ತೆಗೆದುಕೊಂಡೆ. ತಪ್ಪು ನನ್ನದು, ನನ್ನ ರಗ್ಗಿನದು. ಚಿತ್ರ ನಿಂತಾಗ ಎಂಥವರ ಮುಖವೂ ಹಾಗೆಯೇ ಕಾಣುತ್ತದೆ. ಹುಡುಗಿ ಬಂಗಾರದಂಥವಳು, ಚೆನ್ನಾಗಿ ಬಲ್ಲೆ, ಎಂದೆಲ್ಲ ಹೇಳಿದೆ. ನಿಜವಾಗಿ ನಾನು ಬಲ್ಲದ್ದು ಅವಳ ಚಪ್ಪಲಿಯ ಬಣ್ಣವನ್ನು ಮಾತ್ರ. ಕೊನೆಗೆ ಆ ತಾಯಿ ಕರಗಿ, ಬರುವ ಭಾನುವಾರ ಹತ್ತಕ್ಕೇ ಮತ್ತೊಮ್ಮೆ ಕೂರಿಸೋಣ ಎಂದರು. ಆ ದಿನ ಒಂದು ಕರವಸ್ತ್ರವನ್ನೂ ಒಣಹಾಕುವುದಿಲ್ಲವೆಂದು ನಾನು ಮಾತು ಕೊಟ್ಟೆ. ಶಾಂತವ್ವ ನನ್ನ ಎರಡೂ ಕೈ ಹಿಡಿದುಕೊಂಡಳು. ರೇಣುಕಾ ನನ್ನ ಮುಖ ನೋಡದೆ, ನೆಲಕ್ಕೆ ಬಿದ್ದು ಮಣ್ಣಾಗಿದ್ದ ರಗ್ಗನ್ನು ಎತ್ತಿ ಬಕೆಟ್ಟಿಗೆ ತುರುಕಿದಳು. ನಾಚಿಕೆ ಇರಬೇಕು ಎಂದುಕೊಂಡೆ.

ಯಜಮಾನರಿಗೆ ಹೇಳಿದರೆ ಉಪ್ಪಿಟ್ಟಿನಿಂದ ತಲೆ ಎತ್ತದೆ, "ನೆಟ್ ಹೋದ್ರೇನಂತೆ, ಅವಳೇ ಫೋನ್ ಮಾಡಿ ಹೂಂ ಅನ್ಬಹುದಿತ್ತಲ್ಲ" ಎಂದರು. ಗಂಡಸರಿಗೆ ಎಲ್ಲವೂ ಇಷ್ಟು ಸುಲಭ. ನನಗೆ ಮಾತ್ರ ದಿನವಿಡೀ ಅದೇ ಯೋಚನೆ. ನಾನು ಬಟ್ಟೆ ಒಣಹಾಕುವ ಗಾಳಿಯಲ್ಲಿ ಯಾರದೋ ಮದುವೆ, ಯಾರದೋ ಮಗುವಿನ ಮೊದಲ ನಗು, ಯಾರದೋ ತಾಯಿಯ ಕಾಯಿಲೆ ಹಾದುಹೋಗುತ್ತಿವೆ. ಇಷ್ಟು ದಿನ ಎಷ್ಟಕ್ಕೆ ಅಡ್ಡ ನಿಂತಿದ್ದೆನೋ. ಒಂದನ್ನಾದರೂ ಸರಿಪಡಿಸಿದೆನಲ್ಲ ಎಂಬ ಸಣ್ಣ ಹೆಮ್ಮೆಯೂ ಜೊತೆಗಿತ್ತು.

ಆ ಹೆಮ್ಮೆಯನ್ನು ಹೊತ್ತು ಸಂಜೆ ಕೆಳಗಿಳಿದೆ. ಮುನಿರಾಜಣ್ಣನ ಹೆಂಡತಿ ಗೌರಮ್ಮ ಬಾಗಿಲ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲ ಹೇಳಿದೆ. ಅವರು ಹುಳುಕು ಕಾಳೊಂದನ್ನು ಆಚೆ ಎಸೆದರು.

"ಗಂಡಿನ್ ಕಡ್ಯೋರು ಇಟ್ಕೊಂಡಿದ್ದು ಶನಿವಾರ ಸಂಜೆ ಮೇಡಂ. ಆ ಉಡ್ಗೀನೇ ಭಾನುವಾರ ಅತ್ತು ಗಂಟೆಗೇ ಆಗ್ಬೇಕು ಅಂತ ಅಟ ಇಡುದ್ಲು. ನಿಮ್ ಬೆಡ್‌ಶೀಟ್ ಟೈಮು ಆ ಬಿಲ್ಡಿಂಗಲ್ಲಿ ಯಾರಿಗ್ ಗೊತ್ತಿಲ್ಲ? ಒದ್ದೆ ಇರೋಗಂಟ ನೆಟ್ ಇಲ್ಲ, ಒಣಗ್ತಾ ಒಣಗ್ತಾ ಬತ್ತದೆ."

ನಾನು ಮೆಟ್ಟಿಲ ಮೇಲೆ ಕುಳಿತೆ.

"ನನಗೆ ಯಾರೂ ಹೇಳಲೇ ಇಲ್ಲವಲ್ಲ ಗೌರಮ್ಮ."

"ಬಟ್ಟೆ ಒಗೀಬ್ಯಾಡಿ ಅಂತ ಮೇಡಮ್ಮಿಗೆ ಯೆಂಗ್ ಯೋಳೋದು?"

"ಅವಳಿಗೆ ಆ ಹುಡುಗ ಇಷ್ಟವಿಲ್ಲವೇ?"

"ಇಷ್ಟ ಇದ್ದಿದ್ರೆ ಶನಿವಾರ್ವೇ ಕೂತ್ಕತಿದ್ಲು. ಅವ್ವನ ಎದ್ರುಗೆ ಒಲ್ಲೆ ಅನ್ನಕೆ ಬಾಯಿ ಬರ್ಬೇಕಲ್ಲ."

ವರನ ತಾಯಿಗೆ, ಅಷ್ಟು ದೂರದಲ್ಲಿ, ನಿಂತುಹೋದ ಚಿತ್ರದಲ್ಲಿ, ಆ ಮುಖ ಸರಿಯಾಗಿಯೇ ಕಂಡಿತ್ತು. ಒಂದು ಮಾರು ದೂರದಲ್ಲಿ ನಿಂತು ಅವಳ ಕಿವಿಗೆ ಮುಟ್ಟದ ಪೌಡರನ್ನೂ ಗಮನಿಸಿದ ನನಗೆ ಕಾಣಲಿಲ್ಲ. ಬಾಯಲ್ಲಿ ಹೇಳಲಾಗದ 'ಇಲ್ಲ'ವೊಂದನ್ನು ಅವಳು ನನ್ನ ರಗ್ಗಿನ ಮೇಲೆ ಭಾರ ಹಾಕಿ ಹೇಳಿದ್ದಳು. ನಾನು ಅದನ್ನು ಕಿತ್ತು ನೆಲಕ್ಕೆ ಹಾಕಿ, ಮೇಲೆ ಸವಿಮಾತನ್ನೂ ಆಡಿ ಬಂದಿದ್ದೆ.

"ಈಗೇನು ಮಾಡುವುದು? ಬರುವ ಭಾನುವಾರ ಏನನ್ನೂ ಒಣಹಾಕುವುದಿಲ್ಲ ಅಂತ ಅವರಿಗೆ ಮಾತು ಕೊಟ್ಟುಬಿಟ್ಟಿದ್ದೇನೆ."

ಗೌರಮ್ಮ ಸಿಪ್ಪೆಯನ್ನೆಲ್ಲ ಸೆರಗಿಗೆ ಬಳಿದುಕೊಂಡು ಎದ್ದರು.

"ಮಾತು ಕೊಟ್ಟಿರೋರು ನೀವು. ನಮ್ಮನೇಲೂ ನಾಕು ರಗ್ಗು ಅವೆ."